ಪಟ್ಟಿಯಲ್ಲಿಲ್ಲದ ರೆಸಿಸ್ಟರ್

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಚಾರ್ಜರ್ ಮಾಡುತ್ತೇನೆ ಎನ್ನುತ್ತೇನೆ. ಮೊಬೈಲಿನದೇ ಎಂದು ಕೇಳುತ್ತಾರೆ. ಅಲ್ಲ, ಬ್ಯಾಟರಿ ರಿಕ್ಷಾದ್ದು ಎಂದರೆ ಅವರ ಆಸಕ್ತಿ ಅಲ್ಲಿಗೆ ಮುಗಿಯುತ್ತದೆ. ನನಗೂ ಅದೇ ಬೇಕಾಗಿರುತ್ತದೆ. ನಿಜ ಹೇಳಬೇಕೆಂದರೆ ದಿನವಿಡೀ ನಾನು ಮಾಡುವುದು ಚಾರ್ಜರನ್ನೂ ಅಲ್ಲ. ಚಾರ್ಜರಿನ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಬರೆದು, ಬೋರ್ಡು ಮಾಡಿಸುವ ಮೊದಲೇ ಅದು ಹೇಗೆ ನಡೆದೀತೆಂದು ಲೆಕ್ಕ ಹಾಕಿಸಿ ನೋಡುವುದು ನನ್ನ ಕೆಲಸ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಲೆಕ್ಕ ಸಾಗಿದರೆ ಗ್ರಾಫು ಬರುತ್ತದೆ. ಸಾಗದಿದ್ದರೆ ಕೆಂಪಕ್ಷರದಲ್ಲಿ ಒಂದೇ ಸಾಲು ಬರುತ್ತದೆ: ಲೆಕ್ಕ ಕೂಡಿಬರಲಿಲ್ಲ, ಹೆಜ್ಜೆ ತೀರ ಚಿಕ್ಕದಾಯಿತು, ನಿಲ್ಲಿಸಿದ್ದೇನೆ. ಪುಣೆಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ನಾನು ಮನುಷ್ಯರ ಮುಖಕ್ಕಿಂತ ಹೆಚ್ಚು ನೋಡಿದ್ದು ಈ ಕೆಂಪು ಸಾಲನ್ನು.

ಸಾಫ್ಟ್‌ವೇರ್ ಲೆಕ್ಕ ಹಾಕುವುದು ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ. ಮೆಟ್ಟಿಲು ಸಮವಾಗಿದ್ದರೆ ಧೈರ್ಯದಿಂದ ಇಳಿಯುತ್ತದೆ. ಏನೋ ತಟ್ಟನೆ ಬದಲಾಗುತ್ತಿದೆ ಅನ್ನಿಸಿದರೆ ಹೆಜ್ಜೆ ಚಿಕ್ಕದು ಮಾಡಿ ಕಾಲಿನಿಂದ ತಡಕುತ್ತದೆ. ನಮ್ಮ ಚಾರ್ಜರಿನಲ್ಲಿ ಸ್ವಿಚ್ಚುಗಳು ಒಂದು ಸೆಕೆಂಡಿಗೆ ಲಕ್ಷ ಸಲ ತೆರೆದು ಮುಚ್ಚುವುದರಿಂದ ತಟ್ಟನೆ ಬದಲಾಗುವುದೇ ಅದರ ಸ್ವಭಾವ. ತಡಕಿ ತಡಕಿ, ಇನ್ನು ಇದಕ್ಕಿಂತ ಚಿಕ್ಕ ಹೆಜ್ಜೆ ಇಡಲಾರೆ ಎಂಬಲ್ಲಿಗೆ ಬಂದಾಗ ಅದು ಕೂತುಬಿಡುತ್ತದೆ. ಅಂಥ ಒಂದು ಕೂತ ಲೆಕ್ಕವನ್ನು ಎಬ್ಬಿಸಲು ನಾನು ಹಾಕಿದ ಒಂದು ರೆಸಿಸ್ಟರಿನಿಂದ, ಈ ಊರಿನಲ್ಲಿ ನನಗಿದ್ದ ಒಬ್ಬರೇ ಒಬ್ಬ ಮನುಷ್ಯರನ್ನು ಕಳೆದುಕೊಂಡೆ. ಅದನ್ನೇ ಬರೆಯಲು ಕೂತಿದ್ದೇನೆ.

ಅವರು ನನ್ನ ಮೇಲಧಿಕಾರಿ, ನನಗಿಂತ ಹದಿನೆಂಟು ವರ್ಷ ದೊಡ್ಡವರು. ಅವರ ಅಜ್ಜ ವಿಜಯಪುರದ ಕಡೆಯಿಂದ ಬಂದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ ಇಟ್ಟವರು. ಅಣ್ಣ ಈಗಲೂ ಅದೇ ಗಾದಿಯ ಮೇಲೆ ಕೂರುತ್ತಾರೆ. ಇವರೊಬ್ಬರು ಮಾತ್ರ ಬೆಲ್ಲ ಬಿಟ್ಟು ವಿದ್ಯುತ್ತಿನ ಬೆನ್ನು ಹತ್ತಿ, ಮೂವತ್ತು ವರ್ಷ ಭೋಸರಿಯ ಈ ಚಿಕ್ಕ ಕಂಪನಿಯಲ್ಲಿ ಬೆಸುಗೆಯ ಹೊಗೆ ಕುಡಿದರು. ನನ್ನ ಇಂಟರ್‌ವ್ಯೂ ದಿನ ನಾನು ಬೋರ್ಡಿನ ಮೇಲೆ ಒಂದು ಚಿಹ್ನೆ ತಪ್ಪು ಬರೆದು ನನ್ನಷ್ಟಕ್ಕೆ "ಅಯ್ಯ ಶಿವನ" ಎಂದುಕೊಂಡೆ. ಮೂಲೆಯಲ್ಲಿ ಕಾಗದ ನೋಡುತ್ತ ಕೂತಿದ್ದವರು ಕಣ್ಣೆತ್ತಿ "ಯಾವೂರವಾ ತಂಗಿ?" ಎಂದರು. ಜಮಖಂಡಿ ಎಂದೆ. ಆ ತಪ್ಪು ಬರೆದದ್ದಕ್ಕೇ ನಿನಗೆ ನೌಕರಿ ಸಿಕ್ಕಿದ್ದು ಎಂದು ಆಮೇಲೆ ವರ್ಷಗಟ್ಟಲೆ ನನ್ನನ್ನು ಕಾಡಿಸಿದರು.

ಮಧ್ಯಾಹ್ನ ಒಂದು ಗಂಟೆಗೆ ಮೆಟ್ಟಿಲ ಕೆಳಗಿನ ಮೇಜಿನಲ್ಲಿ ನಮ್ಮಿಬ್ಬರ ಊಟ. ಅವರ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ನನ್ನದರಲ್ಲಿ ಅವಸರಕ್ಕೆ ಕಲಸಿದ ಚಿತ್ರಾನ್ನ. ಅರ್ಧ ರೊಟ್ಟಿ ಮುರಿದು ಕೇಳದೆಯೇ ನನ್ನ ಡಬ್ಬಿಯ ಮುಚ್ಚಳದ ಮೇಲಿಡುತ್ತಿದ್ದರು. ಬೆಳಗಿನಿಂದ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬಿಗಿಯಾಗಿ ಹಿಡಿದ ನಾಲಗೆ ಆ ಮುಕ್ಕಾಲು ತಾಸು ಸಡಿಲವಾಗುತ್ತಿತ್ತು. ನಾನು ಒಂಟಿ ಹೆಂಗಸು. ಸಿಂಹಗಡ ರಸ್ತೆಯ ಕೋಣೆಯಲ್ಲಿ ನನ್ನ ಕನ್ನಡ ಕೇಳುವುದು ಕುಕ್ಕರ್ ಒಂದೇ, ಅದೂ ಬೈಗುಳ. ಹಾಗಾಗಿ ದಿನದ ಮಾತೆಲ್ಲ ಒಂದು ಗಂಟೆಗೆಂದೇ ಕೂಡಿಟ್ಟುಕೊಂಡಿರುತ್ತಿದ್ದೆ.

ಕೆಲಸವನ್ನೂ ಅವರೇ ಕಲಿಸಿದ್ದು. ಕೆಂಪು ಸಾಲು ಬಂತೆಂದರೆ ಹೊಸಬರು ಮೊದಲು ಓಡುವುದು ಸಾಫ್ಟ್‌ವೇರಿನ ಸೆಟ್ಟಿಂಗಿಗೆ. ಇಷ್ಟು ತಪ್ಪಾದರೂ ಪರವಾಗಿಲ್ಲ ಎಂಬ ಮಿತಿಯನ್ನು ಸಡಿಲಿಸಿಬಿಡುತ್ತಾರೆ. ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ಸರ್ ಹೇಳಿಕೊಟ್ಟದ್ದು ಬೇರೆ. ಎಷ್ಟು ಹೊತ್ತಿಗೆ ನಿಂತಿತು ಎಂದು ಮೊದಲು ಬರೆದುಕೋ. ಆ ಕ್ಷಣದಲ್ಲಿ ಯಾವ ಸ್ವಿಚ್ಚು ತೆರೆಯಿತು, ಯಾವ ಡಯೋಡು ಮುಚ್ಚಿತು ನೋಡು. ಎಲ್ಲ ತಂತಿಗೂ ನೆಲದ ಸಂಬಂಧ ಇದೆಯೇ ನೋಡು. ಆಮೇಲೆ ಅರ್ಧ ಸರ್ಕ್ಯೂಟು ಕಿತ್ತು ಹಾಕಿ ಓಡಿಸು. ಓಡಿದರೆ ರೋಗ ಆ ಕಿತ್ತ ಅರ್ಧದಲ್ಲಿದೆ. ಅದರಲ್ಲಿ ಮತ್ತೆ ಅರ್ಧ. ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ಕೆಲವೊಮ್ಮೆ ಇದಕ್ಕೇ ಮೂರು ದಿನ ಹಿಡಿಯುತ್ತದೆ. ನಾನು ಸಿಟ್ಟಿನ ಹೆಂಗಸು, ಎರಡನೇ ದಿನಕ್ಕೇ ಕೀಬೋರ್ಡು ಕುಟ್ಟುತ್ತಿದ್ದೆ.

"ಅದು ಸುಮ್ನ ಹಟ ಮಾಡಂಗಿಲ್ಲ ತಂಗಿ," ಎನ್ನುತ್ತಿದ್ದರು. "ಏನೋ ಹೇಳ್ಲಿಕ್ಕತ್ತದ. ಮೊದಲ ಕೇಳು, ಆಮ್ಯಾಲೆ ಬಡಿ."

ರೋಗ ಸಿಗುವವರೆಗೆ ಉಳಿದ ಕೆಲಸ ನಿಲ್ಲಬಾರದೆಂದು ಕೆಲವೊಮ್ಮೆ ಎಲ್ಲೋ ಒಂದು ರೆಸಿಸ್ಟರ್ ಅಡ್ಡ ಹಾಕುವುದುಂಟು. ನಿಜವಾದ ಬೋರ್ಡಿನಲ್ಲಿ ಅದು ಇರುವುದೇ ಇಲ್ಲ. ಸಿಕ್ಕಿಕೊಂಡ ಕರೆಂಟಿಗೆ ಒಂದು ಕಳ್ಳದಾರಿ ಕೊಟ್ಟು ಲೆಕ್ಕವನ್ನು ಮುಂದೆ ತಳ್ಳುವುದಷ್ಟೇ ಅದರ ಕೆಲಸ. ಈ ಕಸುಬಿನವರೆಲ್ಲ ಮಾಡುವ ಕೆಲಸವೇ. ಎಲ್ಲರ ಮನೆ ದೋಸೆಯೂ ತೂತು. ಆದರೆ ಸರ್ ಇದಕ್ಕೆ ಒಂದು ಪದ್ಧತಿ ಮಾಡಿದ್ದರು. ಅಂಥ ರೆಸಿಸ್ಟರಿಗೆ ಮಾಮೂಲಿನ ನಂಬರು ಕೊಡುವಂತಿಲ್ಲ. ಅದರ ಹೆಸರು ಸುಳ್ಳು. ಸುಳ್ಳು ಒಂದು, ಸುಳ್ಳು ಎರಡು, ಹೀಗೆ. ಫೈಲಿನ ಮೊದಲ ಪುಟದಲ್ಲಿ ಅವುಗಳ ಪಟ್ಟಿ. ಬೋರ್ಡು ಮಾಡಲು ಕಳಿಸುವ ಮೊದಲು ಒಂದೊಂದನ್ನೇ ತೆಗೆದು, ತೆಗೆದ ಮೇಲೂ ಗ್ರಾಫು ಹಾಗೇ ಇದೆಯೇ ನೋಡಿ, ಕೊನೆಗೆ 'ಉಳಿದ ಸುಳ್ಳು: ಸೊನ್ನೆ' ಎಂದು ಬರೆಯಬೇಕು. ಆಗ ಅವರ ಸಹಿ. ನಮ್ಮ ಮರಾಠಿ ಸಹೋದ್ಯೋಗಿಗಳು ಇದನ್ನು ಯಾವುದೋ ಶಾಸ್ತ್ರೀಯ ಶಬ್ದ ಎಂದೇ ತಿಳಿದಿದ್ದರು. ಒಬ್ಬಾತ ಗಿರಾಕಿಗೆ ಕೊಡುವ ವರದಿಯಲ್ಲಿ 'ನಿಯಮದಂತೆ ಸುಳ್ಳು ರೆಸಿಸ್ಟರುಗಳನ್ನು ಬಳಸಲಾಗಿದೆ' ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದಿದ್ದ. ಅವತ್ತು ನಮಗಿಬ್ಬರಿಗೂ ಊಟ ಗಂಟಲಲ್ಲಿ ಇಳಿಯಲಿಲ್ಲ, ಅಷ್ಟು ನಕ್ಕಿದ್ದೆವು.

"ಇವತ್ತ ಎಷ್ಟ ಸುಳ್ಳ ಹೇಳಿದಿ ತಂಗಿ?" ರೊಟ್ಟಿ ಮುರಿಯುವಾಗ ಅವರ ದಿನದ ಪ್ರಶ್ನೆ.

"ಮೂರು ರೀ ಸರ್ರ."

"ತಗದಿ?"

"ಎರಡು ತಗದೇನ್ರಿ. ಒಂದು ಭಾಳ ಗಟ್ಟಿ ಕೂತದ."

ಹೀಗೆ ಹನ್ನೆರಡು ವರ್ಷ.

ಆಮೇಲೆ ಬಂದದ್ದು ರಿಕ್ಷಾದ ಸೀಟಿನ ಕೆಳಗೆ ಕೂರುವ, ಗಾಳಿಯಾಡದ ಪೆಟ್ಟಿಗೆಯ ಚಾರ್ಜರ್. ಗಿರಾಕಿಗೆ ಐದು ಮಾದರಿ ಕೊಡಬೇಕಿತ್ತು. ಪೆಟ್ಟಿಗೆ ಚಿಕ್ಕದು, ಒಳಗೆ ವಿಪರೀತ ಬಿಸಿ. ಅದರೊಳಗೆ ಸ್ನಬ್ಬರ್ ಎಂಬ ಒಂದು ಜೋಡಿ ಇರುತ್ತದೆ, ಒಂದು ರೆಸಿಸ್ಟರು ಮತ್ತು ಒಂದು ಕೆಪಾಸಿಟರು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಮುಚ್ಚುವ ಹೊತ್ತಿಗೆ ವೋಲ್ಟೇಜು ಎಗರುತ್ತದಲ್ಲ, ಆ ಜಿಗಿತವನ್ನು ಹೀರಿಕೊಳ್ಳುವುದು ಅದರ ಕೆಲಸ. ಹೀರಿಕೊಂಡದ್ದನ್ನೆಲ್ಲ ಬಿಸಿಯಾಗಿ ಹೊರಗೆ ಬಿಡುತ್ತದೆ. ಅದನ್ನು ತೆಗೆದರೆ ಜಾಗವೂ ಉಳಿಯುತ್ತದೆ, ಬಿಸಿಯೂ ಇಳಿಯುತ್ತದೆ ಎಂದು ಕಂಪನಿಯ ಯಜಮಾನರು ಹಟ ಹಿಡಿದರು.

"ಮೂವತ್ತು ವರ್ಷದಾಗ ನಾ ಸ್ನಬ್ಬರ್ ಬಿಟ್ಟು ಬೋರ್ಡ್ ಮಾಡಿಲ್ಲ," ಎಂದರು ಸರ್. "ಮನಸ್ಸು ಒಪ್ಪವಲ್ದು. ಆದರೂ ತಂಗಿ, ತಗದು ಓಡಿಸಿ ನೋಡು. ಸಿಮ್ಯುಲೇಶನ್ ಏನಂತದ ನೋಡೂಣು."

ಸ್ನಬ್ಬರ್ ಇದ್ದಾಗ ನೀರಿನ ಹಾಗೆ ಹರಿಯುತ್ತಿದ್ದ ಲೆಕ್ಕ, ಅದನ್ನು ತೆಗೆದ ಕೂಡಲೇ ಕೂತಿತು. ಕೆಂಪು ಸಾಲು. ಮೊದಲ ಡಯೋಡು ಮುಚ್ಚುವ ಕ್ಷಣಕ್ಕೆ ಸರಿಯಾಗಿ. ಎರಡು ದಿನ ಗುದ್ದಾಡಿದೆ. ಮೂರನೆಯ ದಿನ ನಾಲ್ಕು ಗಂಟೆಗೆ ಮೀಟಿಂಗು. ಬೆಳಿಗ್ಗೆ ಯಜಮಾನರ ಮುಂದೆ, ಅವರು ಕೇಳದಿದ್ದರೂ, "ಇವತ್ತು ಓಡುತ್ತದೆ" ಎಂದು ಜಂಬ ಕೊಚ್ಚಿ ಬಂದಿದ್ದೆ. ಮೂರೂವರೆಗೆ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ ಬದಿಗೆ, ಅಂದರೆ ಸೆಕೆಂಡರಿಗೆ, ಅಡ್ಡಲಾಗಿ ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಲೆಕ್ಕ ಎದ್ದು ಓಡಿತು. ಗ್ರಾಫು ಎಷ್ಟು ಚಂದ ಬಂತೆಂದರೆ ಜಿಗಿತವೇ ಇಲ್ಲ. ಅದಕ್ಕೆ ಸುಳ್ಳು ಎಂದು ಹೆಸರಿಡಲಿಲ್ಲ. ಇಟ್ಟಿದ್ದರೆ ಮೀಟಿಂಗು ಅಲ್ಲಿಗೆ ನಿಲ್ಲುತ್ತಿತ್ತು. ಸಾಫ್ಟ್‌ವೇರ್ ತಾನಾಗಿ ಕೊಟ್ಟ ನಂಬರು, ಆರ್ ಏಳು, ಹಾಗೇ ಬಿಟ್ಟೆ. ನಾಳೆ ತೆಗೆದರಾಯಿತು ಎಂದುಕೊಂಡೆ. ಒಂದು ಕಿಲೋ ಓಮ್ ಏನು ಮಹಾ ಎಂದೂ ಅಂದುಕೊಂಡೆ.

ಸರ್ ಗ್ರಾಫನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ನೋಡಿದರು.

"ಪಟ್ಟಿಯೊಳಗ ಎಷ್ಟದ?"

"ಸೊನ್ನಿ ರೀ ಸರ್ರ."

ಫೈಲು ತೆರೆದು ನೋಡಲಿಲ್ಲ. ನಾನು ಸೊನ್ನೆ ಎಂದರೆ ಸೊನ್ನೆ. ಸಹಿ ಮಾಡಿ, ಸ್ನಬ್ಬರ್ ತೆಗೆಯಲು ಹೇಳಿದರು. ಮಾರನೆಯ ದಿನ ಬೇರೆ ಕೆಲಸ ಬಂತು, ಆರ್ ಏಳು ಅಲ್ಲೇ ಉಳಿಯಿತು. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಒಂದೆರಡು ಸಲ ನೆನಪಾಗಿ ಕೈ ಮುಂದೆ ಹೋಗಲಿಲ್ಲ ಅಷ್ಟೆ.

ಐದು ಬೋರ್ಡು ಬಂದವು. ಪೂರ್ತಿ ಲೋಡು ಕೊಟ್ಟ ಮೇಲೆ ಮೊದಲನೆಯದು ಹತ್ತು ನಿಮಿಷವೂ ನಿಲ್ಲಲಿಲ್ಲ. ಪಟಾಕಿಯ ಸದ್ದು, ಮೀನು ಸುಟ್ಟಂಥ ವಾಸನೆ. ಡಯೋಡು ಎರಡು ಹೋಳಾಗಿತ್ತು. ಎರಡನೆಯ ಬೋರ್ಡೂ ಹಾಗೇ. ಉಳಿದ ಮೂರೂ ಹಾಗೇ ಹೋದವು. ಯಾರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ. ಗಿರಾಕಿ ಬೇರೆ ಕಂಪನಿಗೆ ಹೋದ.

ಮರುದಿನ ಹನ್ನೊಂದಕ್ಕೆ ಎಲ್ಲರೂ ಸೇರಿ ತಪ್ಪು ಎಲ್ಲಾಯಿತೆಂದು ನೋಡುವುದಿತ್ತು. ನಾನು ಎಂಟಕ್ಕೇ ಹೋದೆ. ಕಂಪ್ಯೂಟರ್ ಹಚ್ಚಿ ಆರ್ ಏಳನ್ನು ಅಳಿಸಿದೆ. ಫೈಲು ಮತ್ತೆ ಮೊದಲಿನ ಹಾಗೆ ಕೂತಿತು. ಸಭೆಯಲ್ಲಿ ಯಜಮಾನರು ಸಿಮ್ಯುಲೇಶನ್ ತೋರಿಸು ಎಂದಾಗ "ಈಗ ಓಡುತ್ತಿಲ್ಲ ಸರ್" ಎಂದೆ. ಕೆಂಪು ಸಾಲನ್ನು ಎಲ್ಲರಿಗೂ ತೋರಿಸಿದೆ. ಬೇರೆ ಯಾವ ಕಸುಬಿನಲ್ಲಾದರೂ ಇಂಥ ಉತ್ತರ ಕೊಟ್ಟವರನ್ನು ಬಿಡುತ್ತಿರಲಿಲ್ಲ. ನಮ್ಮದರಲ್ಲಿ ನಿನ್ನೆ ಓಡಿದ್ದು ಇವತ್ತು ಓಡಲಿಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. "ಸಿಮ್ಯುಲೇಶನ್ ಅಸಂಚ್ ಅಸತಂ," ಎಂದರು ಯಜಮಾನರು, ಅದು ಇರುವುದೇ ಹೀಗೆ ಎಂಬಂತೆ. ಮಾತು ಡಯೋಡಿನ ಆಯ್ಕೆಗೆ ಹೋಯಿತು, ಅಲ್ಲಿಂದ ಸ್ನಬ್ಬರಿಗೆ.

"ಸ್ನಬ್ಬರ್ ತೆಗೆದವನು ನಾನು. ಸಹಿ ನನ್ನದು," ಎಂದು ಸರ್ ಮರಾಠಿಯಲ್ಲಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ. ನನ್ನ ಮೇಲೆ ಅವರಿಗೆ ಸಂಶಯವೇ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ, ಅಷ್ಟು ಗಟ್ಟಿಯಾಗಿ ಕೂತಿದ್ದೆ.

ಅವರನ್ನು ಯಾರೂ ಹೋಗೆನ್ನಲಿಲ್ಲ. ತಿಂಗಳೊಪ್ಪತ್ತಿನಲ್ಲಿ ತಾವೇ ರಾಜೀನಾಮೆ ಕೊಟ್ಟರು. ಕೊನೆಯ ದಿನ ಊಟದ ಮೇಜಿನಲ್ಲಿ ಒಂದು ಬಾಟಲಿ ಶೇಂಗಾ ಹಿಂಡಿ ನನ್ನ ಮುಂದಿಟ್ಟರು. "ಕಣ್ಣು ಮಂದಾದವು ತಂಗಿ. ಗ್ರಾಫ್ ಎದುರಿಗಿತ್ತು, ನನಗ ಕಾಣಲಿಲ್ಲ. ಇನ್ನ ಈ ಕೆಲಸಕ್ಕ ಕೈ ಹಚ್ಚಬಾರದು," ಎಂದರು. ಆಗ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳು. ಬಂದಿರಲಿಲ್ಲ. ಆ ಕ್ಷಣಕ್ಕೆ ನನಗಿದ್ದದ್ದು ಹೆದರಿಕೆಯಷ್ಟೇ. ನೌಕರಿಯದಲ್ಲ. ಅವರು ನನ್ನನ್ನು ಹೇಗೆ ನೋಡಿಯಾರು ಎಂಬುದರದು.

ಅದಾಗಿ ಎರಡು ವರ್ಷ. ಅವರು ಅಣ್ಣನ ಬೆಲ್ಲದ ಅಂಗಡಿಯಲ್ಲಿ ಕೂರುತ್ತಾರೆಂದು ಕೇಳಿದ್ದೆ. ಭೋಸರಿಗೂ ಮಾರ್ಕೆಟ್ ಯಾರ್ಡಿಗೂ ಒಂದು ತಾಸಿನ ದಾರಿ. ನನ್ನ ಮನೆಯಿಂದಂತೂ ಅರ್ಧ ತಾಸು. ಹೋಗಲಿಲ್ಲ. ಹಬ್ಬಕ್ಕೆ ಅವರಿಂದ ಸಂದೇಶ ಬಂದರೆ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಆಮೇಲೆ ಅದೂ ನಿಂತಿತು. ಒಂದು ಗಂಟೆಗೆ ಡಬ್ಬಿ ತೆರೆಯುವ ಅಭ್ಯಾಸ ಬಿಟ್ಟು, ಕಂಪ್ಯೂಟರಿನ ಮುಂದೆಯೇ ಕೂತು ಉಣ್ಣತೊಡಗಿದೆ. ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಈಗ ಪ್ರಿಂಟರ್ ಇದೆ.

ಭಾನುವಾರ ಉಡುಪಿ ಕಡೆಯವರ ಹೋಟೆಲಿಗೆ ಹೋಗುತ್ತಿದ್ದೆ. ಹಸಿವಿಗಲ್ಲ, ಕಿವಿಗೆ. ಅವರ ಕನ್ನಡ ನನ್ನದಲ್ಲ, ಆದರೂ ಕನ್ನಡ. ಗಲ್ಲಾದಲ್ಲಿ ಕೂತ ಮಾಲೀಕರು ಒಂದು ದಿನ ಪ್ರೀತಿಯಿಂದಲೇ "ಎಂತ ಮೇಡಂ, ಇವತ್ತೂ ಒಬ್ಬರೇಯಾ?" ಎಂದರು. ಅಲ್ಲಿಗೂ ಹೋಗುವುದು ಬಿಟ್ಟೆ. ಸಂಜೆ ಬಾಗಿಲು ತೆರೆದರೆ ಬೆಳಿಗ್ಗೆ ಬಿಟ್ಟ ಚಪ್ಪಲಿ, ಬೆಳಿಗ್ಗೆ ಇಟ್ಟ ಲೋಟ, ಎಲ್ಲ ಇಟ್ಟಲ್ಲೇ. ಇದನ್ನು ಸ್ವಾತಂತ್ರ್ಯ ಎನ್ನುವವರಿದ್ದಾರೆ. ನಾನೂ ಮೊದಲು ಅನ್ನುತ್ತಿದ್ದೆ. ಹಿಂಡಿ ಖಾಲಿಯಾಗಿ ಎಷ್ಟೋ ಕಾಲವಾದರೂ ಆ ಬಾಟಲಿಯನ್ನು ತೊಳೆದು ಶೆಲ್ಫಿನ ಮೇಲೆ ಇಟ್ಟಿದ್ದೇನೆ.

ಈ ಮಳೆಗಾಲದ ಮೊದಲು ಹೊಸ ಚಾರ್ಜರಿನ ಕೆಲಸ ಬಂತು. ಸ್ನಬ್ಬರ್ ಎಷ್ಟು ಚಿಕ್ಕದು ಮಾಡಬಹುದು ನೋಡು ಎಂದರು ಯಜಮಾನರು. ಚಿಕ್ಕದು ಮಾಡುತ್ತ ಹೋಗಿ, ತೀರ ಚಿಕ್ಕದಾದಾಗ ಅದೇ ಕೆಂಪು ಸಾಲು ಬಂತು, ಅದೇ ಕ್ಷಣಕ್ಕೆ, ಡಯೋಡು ಮುಚ್ಚುವಾಗ. ನನ್ನ ಕೈ ತಾನಾಗಿ ರೆಸಿಸ್ಟರಿನ ಚಿತ್ರದ ಕಡೆ ಹೋದದ್ದನ್ನು ನಾನೇ ನೋಡಿದೆ. ಕೈ ಹಿಂದೆ ತೆಗೆದು ಎದ್ದು ಹೋಗಿ ನೀರು ಕುಡಿದು ಬಂದೆ. ಅವತ್ತು ಅವರು ಕಲಿಸಿದ ದಾರಿಯಲ್ಲೇ ಹೋದೆ. ಅರ್ಧ ಕಿತ್ತು, ಅದರ ಅರ್ಧ ಕಿತ್ತು, ಕೊನೆಗೆ ಉಳಿದದ್ದು ಮೂರೇ ಮೂರು ಭಾಗ: ಟ್ರಾನ್ಸ್‌ಫಾರ್ಮರಿನೊಳಗೆ ಸೋರಿ ಉಳಿಯುವ ಒಂದಿಷ್ಟು ಇಂಡಕ್ಟನ್ಸು, ಡಯೋಡು, ತಂತಿ. ಇಂಡಕ್ಟನ್ಸಿನಲ್ಲಿ ಹರಿಯುವ ಕರೆಂಟು ತಟ್ಟನೆ ನಿಲ್ಲಲಾರದು. ಡಯೋಡು ಬಾಗಿಲು ಹಾಕಿಬಿಟ್ಟಿದೆ. ನಾನು ಬರೆದ ಡಯೋಡು ಪುಸ್ತಕದ ಡಯೋಡು, ನಿಜವಾದದ್ದಕ್ಕೆ ಇರುವ ಚಿಕ್ಕ ಕೆಪಾಸಿಟನ್ಸೂ ಇಲ್ಲದ್ದು. ಕರೆಂಟಿಗೆ ಹೋಗಲು ದಾರಿಯೇ ಇಲ್ಲ. ವೋಲ್ಟೇಜು ಆಕಾಶಕ್ಕೆ ಹೋಗಬೇಕು, ಲೆಕ್ಕ ಅಲ್ಲಿಗೆ ಹತ್ತಲಾರದೆ ಕೂರುತ್ತದೆ. ಡಯೋಡಿನ ನಿಜವಾದ ಗುಣಗಳನ್ನು ಅದರ ಮಾಹಿತಿ ಪತ್ರಿಕೆಯಿಂದ ನೋಡಿ ಒಂದೊಂದಾಗಿ ಬರೆದೆ. ಲೆಕ್ಕ ಓಡಿತು. ಜಿಗಿತ ಡಯೋಡು ತಾಳುವ ಮಿತಿಯ ಒಂದೂವರೆಪಟ್ಟು ಬಂತು.

ಎರಡು ವರ್ಷದ ಹಿಂದೆಯೂ ಅದು ಇದನ್ನೇ ಹೇಳುತ್ತಿತ್ತು. ಈ ಸರ್ಕ್ಯೂಟು ಸಾಯುತ್ತದೆ ಎಂದು ಮೂರು ದಿನ ಕೂಗಿತ್ತು. ನಾನು ಅದರ ಬಾಯಿಗೆ ಬಟ್ಟೆ ತುರುಕಿದೆ, ಆಮೇಲೆ ಅದು ಮಾತಾಡುವುದಿಲ್ಲ ಎಂದು ದೂರಿದೆ. ಕುರ್ಚಿಯಲ್ಲಿ ಕೂತಲ್ಲೇ ಅಳು ಬಂತು. ಪಕ್ಕದವನಿಗೆ ಕಣ್ಣಿಗೆ ಏನೋ ಬಿತ್ತೆಂದು ಮರಾಠಿಯಲ್ಲಿ ಹೇಳಿದೆ.

ಬುಧವಾರ ರಜೆ ಹಾಕಿ ಮಾರ್ಕೆಟ್ ಯಾರ್ಡಿಗೆ ಹೋದೆ. ಲಾರಿಗಳ ನಡುವೆ, ಬದಿಗೆ ಸರಿಯಿರೆಂದು ಕೂಗುವ ಹಮಾಲರ "ಬಾಜೂ, ಬಾಜೂ" ತಪ್ಪಿಸಿಕೊಳ್ಳುತ್ತ ಬೆಲ್ಲದ ಸಾಲಿಗೆ ಬಂದಾಗ ಹತ್ತು ಗಂಟೆ. ಗಾದಿಯ ಮೇಲೆ ಸರ್ ಒಬ್ಬರೇ ಕೂತು ಒಂದು ಬೆಲ್ಲದ ಪೆಂಟಿಯನ್ನು ಚಾಕುವಿನಿಂದ ಕೆತ್ತಿ, ಒಳಗಿನ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತೂಕ ಇಳಿದಿತ್ತು. ನನ್ನನ್ನು ಕಂಡು ಮುಖ ಅರಳಿತು.

"ಏ ತಂಗಿ! ಬಾ, ಬಾ. ದಾರಿ ತಪ್ಪಿ ಬಂದಿ ಏನು? ಕೂಡು. ಎಷ್ಟ ಸುಳ್ಳ ಹೇಳಿದಿ ಇವತ್ತ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಆ ಪ್ರಶ್ನೆಗೆ ಕುಸಿಯಿತು.

"ಒಂದು ರೀ ಸರ್ರ. ಎರಡ ವರ್ಷದ ಹಿಂದ. ಪಟ್ಟಿಯೊಳಗ ಬರದಿರಲಿಲ್ಲ."

ಎಲ್ಲ ಹೇಳಿದೆ. ಮೂರೂವರೆ ಗಂಟೆ, ಆರ್ ಏಳು, ಬೆಳಿಗ್ಗೆ ಎಂಟಕ್ಕೆ ಹೋಗಿ ಅಳಿಸಿದ್ದು, ಸಭೆಯಲ್ಲಿ ಹೇಳಿದ್ದು. ಅವರು ಚಾಕು ಕೆಳಗಿಡಲಿಲ್ಲ. ಅವರಿಗೆ ಇದು ಮೊದಲೇ ಗೊತ್ತಿದ್ದಿರಬಹುದು, ಗೊತ್ತಿದ್ದೇ ನನ್ನನ್ನು ಉಳಿಸಿರಬಹುದು ಎಂದು ಎರಡು ವರ್ಷ ನಾನು ನನ್ನನ್ನು ಸಮಾಧಾನ ಮಾಡಿಕೊಂಡಿದ್ದೆ. ಅವರ ಮುಖ ನೋಡಿದೆ. ಗೊತ್ತಿರಲಿಲ್ಲ.

"ಎಷ್ಟು ಓಮ್?"

"ಒಂದು ಕಿಲೋ ರೀ."

"ಎಲ್ಲಿ?"

"ಸೆಕೆಂಡರಿಗೆ ಅಡ್ಡ ರೀ."

ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. ಬೆಲ್ಲ ಕಟ್ಟುವ ಕಾಗದದ ಮೇಲೆ ಆ ಸರ್ಕ್ಯೂಟು ಬರೆದರು, ಎರಡು ವರ್ಷವಾದರೂ ಒಂದು ಗೆರೆ ತಪ್ಪಲಿಲ್ಲ. ಪಕ್ಕದಲ್ಲಿ ಭಾಗಾಕಾರ ಮಾಡಿದರು.

"ಹತ್ತು ವ್ಯಾಟ್ ತಿಂತಿತ್ತು ಇದು. ನನಗ ಹೆಂಗ ಕಾಣಲಿಲ್ಲ?"

"ನೀವು ಫೈಲ್ ತೆಗೀಲಿಲ್ಲ ರೀ. ನಾ ಸೊನ್ನಿ ಅಂದಿದ್ದೆ."

"ಹೌದು. ನೀ ಸೊನ್ನಿ ಅಂದಿದ್ದಿ." ಮತ್ತೆ ಕಾಗದ ನೋಡಿದರು. "ಅಂದ್ರ ಸ್ನಬ್ಬರ್ ಬೇಕಾಗಿತ್ತು. ನಾ ಮೊದಲ ಅಂದಿದ್ದು ಖರೇ ಇತ್ತು."

"ಖರೇ ಇತ್ರಿ."

ಅವರ ಹೆಗಲು ಇಳಿಯಿತು. ದೊಡ್ಡದೊಂದು ಉಸಿರು ಬಂತು. ಆ ಸಮಾಧಾನ ನನಗಾಗಿ ಬಂದದ್ದಲ್ಲ, ಅದರಲ್ಲಿ ನನಗೆ ಪಾಲೂ ಇರಲಿಲ್ಲ. ಆಮೇಲೆ ನಿಧಾನವಾಗಿ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ; ಅದು ತಣ್ಣಗಿತ್ತು.

"ಎರಡ ವರ್ಷ ಆತು," ಎಂದರು. "ಮನ್ಯಾಗ ಫ್ಯೂಜ್ ಹೋದ್ರ ಸುದ್ದಾ ಎಲೆಕ್ಟ್ರಿಶಿಯನ್‌ನ ಕರಸೇನಿ. ನನ್ನ ಕೈಮ್ಯಾಲೆ ನನಗ ನಂಬಿಕಿ ಇರಲಿಲ್ಲ. ನನ್ನ ಹೆಂಡತಿ ನಗತಿದ್ಲು. ನಾ ನಗಲಿಲ್ಲ."

ನಾನು ತಲೆ ತಗ್ಗಿಸಿ ಕೂತೆ. ತಪ್ಪಾಯ್ತು ರೀ ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ನನ್ನ ಕಿವಿಗೇ ಕೇಳಿಸಿತು.

ಹಮಾಲನೊಬ್ಬ ಬಂದು ಏನೋ ಕೇಳಿದ. ಅವರು ಉತ್ತರ ಹೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಚಹಾ ತಗೋತೀರೇನ್ರಿ ಮೇಡಮ್ಮಾರ?" ಎಂದರು. ಊರಿನವರು ಹೊರಗಿನವರಿಗೆ ಕೇಳುವ ಹಾಗೆ, ಮರ್ಯಾದೆಗೆ ಎಳ್ಳಷ್ಟೂ ಕಡಿಮೆಯಿಲ್ಲದೆ. ಬೇಡ ರೀ ಎಂದೆ. ಏಳುವಾಗ ಅವರು ತಡೆಯಲಿಲ್ಲ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಮಾರನೆಯ ದಿನ ಹಳೆಯ ಫೈಲು ತೆಗೆದು ಆ ರೆಸಿಸ್ಟರನ್ನು ಇದ್ದಲ್ಲೇ ಮತ್ತೆ ಹಾಕಿ, ಸುಳ್ಳು ಒಂದು ಎಂದು ಹೆಸರಿಟ್ಟು, ಪಟ್ಟಿಯಲ್ಲಿ ನನ್ನ ಹೆಸರಿನೊಂದಿಗೆ ಬರೆದೆ. ಯಜಮಾನರ ಕೋಣೆಗೆ ಹೋಗಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ನೌಕರಿ ಹೋಗುತ್ತದೆ ಎಂದೇ ಹೋಗಿದ್ದೆ, ಹೋಗಲಿ ಎಂದೂ ಇತ್ತು. ಅವರು ಫೋನಿನಿಂದ ಕಣ್ಣೆತ್ತಿ "ಜಾವೂ ದ್ಯಾ ಹೋ, ಜುನಂ ಝಾಲಂ ತೇ," ಎಂದರು. ಬಿಡಿ, ಹಳೆಯದಾಯಿತು. ಸ್ನಬ್ಬರ್ ಎಷ್ಟು ಚಿಕ್ಕದಾಯಿತು ಎಂದು ಕೇಳಿದರು. ಜಗತ್ತಿನಲ್ಲಿ ಆ ರೆಸಿಸ್ಟರಿನ ತೂಕ ಗೊತ್ತಿದ್ದವರು ಇಬ್ಬರೇ, ಒಬ್ಬರು ಬೆಲ್ಲದ ಅಂಗಡಿಯಲ್ಲಿ, ಒಬ್ಬರು ಭೋಸರಿಯಲ್ಲಿ. ಶಿಕ್ಷೆ ಕೊಡುವವರಾದರೂ ಒಬ್ಬರಿದ್ದರೆ ಚೆನ್ನಾಗಿತ್ತು ಎನಿ‌ಸಿತು.

ಮೂರು ವಾರ ಏನೂ ಇಲ್ಲ. ಅವರು ಫೋನು ಮಾಡುತ್ತಾರೆಂದು ಕಾಯಲಿಲ್ಲ ಎಂದುಕೊಂಡೇ ಕಾದೆ. ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಹತ್ತಿರ ಇಡುತ್ತಿದ್ದೆ.

ಹೋದ ಭಾನುವಾರ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಅವರಿಂದ ಒಂದು ಫೋಟೋ. ಒಕ್ಕಣೆ ಏನೂ ಇಲ್ಲ. ಅವರ ಮನೆಯ ಸ್ವಿಚ್ ಬೋರ್ಡು, ಮುಚ್ಚಳ ಬಿಚ್ಚಿದೆ, ಒಳಗೆ ಹೊಸ ಕೆಂಪು ತಂತಿ ನೀಟಾಗಿ ಬಾಗಿಸಿ ಬಿಗಿದಿದೆ. ಅಂಚಿನಲ್ಲಿ ಅವರ ಹಳದಿ ಹಿಡಿಕೆಯ ಸ್ಕ್ರೂಡ್ರೈವರು, ಅದನ್ನು ಹಿಡಿದ ಹೆಬ್ಬೆರಳು. ಕೈ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ಒಂದೊಂದು ಸ್ಕ್ರೂ ನೋಡಿದೆ. ಬರೆಯಲು ಏನೇನೋ ಬಂತು, ಬರೆದು ಬರೆದು ಅಳಿಸಿದೆ. ಕೊನೆಗೆ ಕಸುಬಿನ ಮಾತು ಒಂದೇ ಉಳಿಯಿತು.

"ಸರ್ರ, ಅರ್ಥಿಂಗ್ ನೋಡಿದಿರೇನು?"

ಎರಡು ನೀಲಿ ಗೆರೆ ಬಂದವು. ಅಕ್ಕಿಯ ನೀರು ಬಸಿದು ಕುಕ್ಕರಿಗೆ ಹಾಕುವಷ್ಟು ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು.

"ನೋಡೇನಿ."

ಅಷ್ಟೇ. ಮುಂದೆ ತಂಗಿ ಅಂತ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ಆ ಒಂದು ಮಾತನ್ನು ಅವರ ದನಿಯಲ್ಲಿ ಗಟ್ಟಿಯಾಗಿ ಒಮ್ಮೆ ಓದಿದೆ. ಆಮೇಲೆ ಒಲೆ ಹಚ್ಚಿದೆ.